ಅಕ್ಕಿ ಮೂಟೆ ಎತ್ತುತ್ತೇನೆ ಅಂತ 24 ಕೆಜಿ ಕೆಟಲ್‌ಬೆಲ್ ತರಬೇಡಿ

ಮೊದಲ ಸಲ ಕೆಟಲ್‌ಬೆಲ್ (ವ್ಯಾಯಾಮಕ್ಕೆ ಬಳಸುವ, ಮೇಲೆ ಹಿಡಿ ಇರುವ ಭಾರದ ಉಂಡೆ) ಕೊಳ್ಳಲು ಹೊರಟವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ತಪ್ಪು ತೂಕ ತಂದು ನಾನು ಆರು ವಾರ ಸೊಂಟ ಹಿಡಿದುಕೊಂಡು ಓಡಾಡಿದೆ. ನಿಮಗೆ ಹಾಗಾಗುವುದು ಬೇಡ.

ನನಗೆ 41 ವರ್ಷ. ದಿನವಿಡೀ ಕಂಪ್ಯೂಟರ್ ಮುಂದೆ ಕೂರುವ ಕೆಲಸ. ಆದರೂ ಮನೆಗೆ 25 ಕೆಜಿ ಅಕ್ಕಿ ಮೂಟೆ ಬಂದರೆ ಹೆಗಲ ಮೇಲಿಟ್ಟು ಎರಡನೇ ಮಹಡಿಗೆ ಹೊತ್ತು ತರುವವನು ನಾನೇ, 20 ಲೀಟರ್ ನೀರಿನ ಕ್ಯಾನ್ ಎತ್ತಿ ಮಗುಚಿ ಇಡುವವನೂ ನಾನೇ, ತುಂಬಿದ ಗ್ಯಾಸ್ ಸಿಲಿಂಡರ್ ಹತ್ತಿರ ಹತ್ತಿರ 30 ಕೆಜಿ ಇರುತ್ತದೆ, ಅದನ್ನೂ ಒಬ್ಬನೇ ಎತ್ತಿಡುತ್ತೇನೆ. ಹಾಗಾಗಿ ಅಂಗಡಿಯಲ್ಲಿ 16 ಮತ್ತು 24 ಅಕ್ಕಪಕ್ಕ ಇಟ್ಟಿದ್ದಾಗ 16 ತೀರಾ ಹಗುರ ಅನ್ನಿಸಿತು. ಅಂಗಡಿಯವರೂ "ಸರ್, ಚಿಕ್ಕದು ತಗೊಂಡ್ರೆ ಎರಡೇ ತಿಂಗಳಲ್ಲಿ ಸಾಕಾಗಲ್ಲ ಅಂತ ಮತ್ತೆ ಬರ್ತೀರಿ, ಗಂಡಸರಿಗೆ 24 ಸರಿ" ಎಂದರು. ಇವನ್ನು ಹೆಚ್ಚಾಗಿ ಕೆಜಿ ಲೆಕ್ಕದಲ್ಲಿ ಮಾರುತ್ತಾರೆ, ತೂಕ ಜಾಸ್ತಿ ಆದಷ್ಟೂ ಬಿಲ್ ಜಾಸ್ತಿ. ಆ ಮಾತು ಕೇಳುವಾಗ ಇದು ನೆನಪಿರಲಿ.

ಮೊದಲ ಎರಡು ವಾರ ಚೆನ್ನಾಗೇ ಹೋಯಿತು, ಅಥವಾ ಹಾಗೆ ಅಂದುಕೊಂಡಿದ್ದೆ. ಬೆಳಿಗ್ಗೆ ಏಳುವಾಗ ಸೊಂಟ ಬಿಗಿಯಾಗಿರುತ್ತಿತ್ತು. ಹೊಸದಲ್ವಾ, ಸರಿಹೋಗುತ್ತದೆ ಅಂತ ಬಿಟ್ಟೆ. ಮೂರನೇ ವಾರದ ಭಾನುವಾರ, ಟೆರೇಸ್ ಮೇಲೆ ಸ್ವಿಂಗ್ ಮಾಡುತ್ತಿದ್ದೆ, ಅಂದರೆ ಕೆಟಲ್‌ಬೆಲ್ಲನ್ನು ಎರಡೂ ಕೈಯಲ್ಲಿ ಹಿಡಿದು ಕಾಲುಗಳ ನಡುವಿನಿಂದ ಎದೆಮಟ್ಟಕ್ಕೆ ಬೀಸುವುದು. ಮೂರನೇ ಸುತ್ತು, ಕೈ ಸೋತಿತ್ತು, ಇನ್ನೆರಡು ಮುಗಿಸೋಣ ಅಂತ ಬೀಸಿದೆ. ಮೇಲಿಂದ ವಾಪಸ್ ಬರುವಾಗ ತೂಕ ಮೊಣಕಾಲಿಗಿಂತ ಕೆಳಗೆ ಹೋಯಿತು, ಬೆನ್ನು ಬಾಗಿತು, ಸೊಂಟದಲ್ಲಿ ಚಳಕ್ ಅಂದಿತು. ಅಲ್ಲೇ ಕೂತುಬಿಟ್ಟೆ. ಮೆಟ್ಟಿಲು ಇಳಿಯಲು ಮಗನ ಹೆಗಲು ಬೇಕಾಯಿತು.

ಡಾಕ್ಟರ್ ನೋಡಿ ಸ್ನಾಯು ಎಳೆದಿದೆ, ಡಿಸ್ಕ್‌ಗೆ ಏನೂ ಆಗಿಲ್ಲ ಎಂದರು. ಆದರೂ ಬಗ್ಗಿ ಚಪ್ಪಲಿ ಹಾಕಿಕೊಳ್ಳಲು ಆಗುವಷ್ಟರಲ್ಲಿ ಹತ್ತು ದಿನ ಕಳೆದಿತ್ತು. (ನೋವು ಕಾಲಿನವರೆಗೂ ಇಳಿದರೆ, ಕಾಲು ಜೋಮು ಹಿಡಿದರೆ ಮನೆಮದ್ದು ಮಾಡುತ್ತಾ ಕೂರಬೇಡಿ, ಡಾಕ್ಟರ್ ಹತ್ತಿರ ಹೋಗಿ. ಮೂತ್ರದ ಹಿಡಿತ ತಪ್ಪಿದರೆ ಆ ಕ್ಷಣವೇ ಆಸ್ಪತ್ರೆಗೆ ಹೋಗಬೇಕು.)

ಅಷ್ಟು ಭಾರ ಎತ್ತುವವನಿಗೆ 24 ಕೆಜಿಯಲ್ಲಿ ಹೀಗೇಕಾಯಿತು? ಇದನ್ನು ನನಗೆ ಫಿಸಿಯೋಥೆರಪಿಸ್ಟ್ ಬಿಡಿಸಿ ಹೇಳಿದರು. ಮೂಟೆ ಹೊತ್ತಾಗ ಅದು ಮೈಗೆ ಅಂಟಿಕೊಂಡಿರುತ್ತದೆ, ಅಲುಗಾಡುವುದಿಲ್ಲ. ಸಿಲಿಂಡರ್ ಒಂದು ಸಲ ಎತ್ತಿ ಒಂದು ಸಲ ಇಡುತ್ತೀರಿ, ಮುಗಿಯಿತು. ಕೆಟಲ್‌ಬೆಲ್ ಹಾಗಲ್ಲ. ಅದು ಮೈಯಿಂದ ದೂರ ಹಾರುತ್ತದೆ, ಆಮೇಲೆ ವೇಗವಾಗಿ ಕೆಳಗೆ ಬರುತ್ತದೆ, ಆ ವೇಗವನ್ನು ಪ್ರತಿ ಸಲವೂ ನೀವೇ ತಡೆಯಬೇಕು. ಬಾವಿಯಲ್ಲಿ ನೀರು ಸೇದುವಾಗ ಹಗ್ಗ ಜಾರಿ, ಕೊಡ ಕೆಳಗೆ ಹೋಗುತ್ತಿರುವಾಗ ತಟ್ಟನೆ ಹಿಡಿದರೆ ಭುಜ ಹೇಗೆ ಜಗ್ಗುತ್ತದೆ? ಕೊಡದ ತೂಕ ಅಷ್ಟೇ, ಜಗ್ಗುವುದು ಮಾತ್ರ ಎಷ್ಟೋ ಪಟ್ಟು. ಸ್ವಿಂಗ್‌ನಲ್ಲಿ ಆ ಜಗ್ಗುವಿಕೆ ಹತ್ತು, ಹದಿನೈದು, ಇಪ್ಪತ್ತು ಸಲ ಬರುತ್ತದೆ. ಅದನ್ನು ತೊಡೆಯ ಹಿಂಭಾಗ ಮತ್ತು ಕುಂಡಿಯ ಸ್ನಾಯುಗಳು ಹೊರಬೇಕು. ದಿನಾ ಕುರ್ಚಿಯಲ್ಲಿ ಕೂರುವ ನಮ್ಮಂಥವರಿಗೆ ಅವೇ ಮಲಗಿರುತ್ತವೆ, ಭಾರ ಸೀದಾ ಸೊಂಟಕ್ಕೆ ಹೋಗುತ್ತದೆ.

ಈಗ ನಮ್ಮ ಅಕ್ಕನ ಕಥೆಯನ್ನೂ ಕೇಳಿ, ಯಾಕೆಂದರೆ ಅದು ಇದರ ತಿರುಗುಮುರುಗು. ನನ್ನ ಅವಸ್ಥೆ ನೋಡಿ ಹೆದರಿ ಅವಳು 4 ಕೆಜಿಯದ್ದು ತಂದಳು. ಅದು ಎಷ್ಟು ಹಗುರ ಅಂದರೆ ಸೊಂಟ ಹಿಂದಕ್ಕೆ ತಳ್ಳಿ ಬೀಸುವ ಅಗತ್ಯವೇ ಬೀಳಲಿಲ್ಲ, ಕೈಯಿಂದಲೇ ಎತ್ತಿ ಎತ್ತಿ ಇಳಿಸುತ್ತಿದ್ದಳು. ಒಂದು ತಿಂಗಳಿಗೆ ಭುಜ ನೋವು ಶುರು. ಅದೇ ಫಿಸಿಯೋ ಅವಳಿಗೆ 8 ಕೆಜಿ ಕೊಟ್ಟು ಮಾಡಿಸಿದರು. ಕೈಯಿಂದ ಎತ್ತಲು ಆಗಲಿಲ್ಲ, ತಾನಾಗಿಯೇ ಕಾಲು ಮತ್ತು ಹಿಂಭಾಗದಿಂದ ಬೀಸುವುದು ಬಂತು. ಚಿಕ್ಕದು ಅಂದರೆ ಸುರಕ್ಷಿತ ಅಂತ ಸುಮ್ನೆ ನಂಬಬೇಡಿ.

ಹಾಗಾದರೆ ಎಷ್ಟು? ಅಮೆರಿಕದಲ್ಲಿ ಕೆಟಲ್‌ಬೆಲ್ ಜನಪ್ರಿಯ ಮಾಡಿದ ಪಾವೆಲ್ ತ್ಸತ್ಸೂಲಿನ್ ಸಾಮಾನ್ಯ ಶಕ್ತಿಯ ಗಂಡಸರಿಗೆ 16, ಹೆಂಗಸರಿಗೆ 8 ಕೆಜಿಯಿಂದ ಶುರು ಮಾಡಲು ಹೇಳುತ್ತಾರೆ. ನನ್ನ ಅಭಿಪ್ರಾಯ ಕೇಳಿದರೆ, ವರ್ಷಗಟ್ಟಲೆ ವ್ಯಾಯಾಮ ಬಿಟ್ಟವರು, 40 ದಾಟಿದವರು, ಮೊದಲೇ ಸೊಂಟ ನೋವಿದ್ದವರು ಇನ್ನೂ ಒಂದು ಮೆಟ್ಟಿಲು ಇಳಿದು 12 ಅಥವಾ 6 ತೆಗೆದುಕೊಂಡರೆ ನಷ್ಟವೇನಿಲ್ಲ. ದಿನಾ ಜಿಮ್‌ನಲ್ಲಿ ಬಾರ್ ಎತ್ತುವವರ ವಿಷಯ ಬೇರೆ.

ನಾನು ಹೋದ ಅಂಗಡಿಯಲ್ಲಿ 16, 24 ಬಿಟ್ಟು ನಡುವಿನದ್ದು ಇರಲಿಲ್ಲ. ಆ ಅಂಕಿಗಳು ಎಲ್ಲಿಂದ ಬಂದವು ಅಂತ ಆಮೇಲೆ ತಿಳಿಯಿತು. ಇದು ರಷ್ಯಾದಲ್ಲಿ ಧಾನ್ಯ ತೂಗಲು ಇಟ್ಟುಕೊಳ್ಳುತ್ತಿದ್ದ ತೂಕದ ಕಲ್ಲು. ಅಲ್ಲಿನ ಹಳೆಯ ಅಳತೆ ಪೂದ್, ಒಂದು ಪೂದ್ ಅಂದರೆ 16.38 ಕೆಜಿ. ಒಂದು, ಒಂದೂವರೆ, ಎರಡು ಪೂದ್ ಅಂತ 16, 24, 32 ಆಯಿತು. ಅಂದರೆ 16ರಿಂದ 24ಕ್ಕೆ ಹೋಗುವುದು ಇದ್ದ ಭಾರಕ್ಕೆ ಅರ್ಧ ಭಾರ ಸೇರಿಸಿದಂತೆ. 20 ಇರುವ ಅಂಗಡಿ ಹುಡುಕಿ.

ಕೊಳ್ಳುವಾಗ ಸುಮ್ಮನೆ ಎತ್ತಿ ನೋಡಿ ತೀರ್ಮಾನ ಮಾಡಬೇಡಿ, ನಾನು ಮಾಡಿದ್ದು ಅದನ್ನೇ. ಒಂದೇ ಕೈಯಲ್ಲಿ ಭುಜದಿಂದ ತಲೆ ಮೇಲಕ್ಕೆ ಐದು ಸಲ ತಳ್ಳಿ ನೋಡಿ. ಮೈ ಪಕ್ಕಕ್ಕೆ ವಾಲಿದರೆ ಆ ಕೆಲಸಕ್ಕೆ ಅದು ನಿಮಗೆ ಭಾರ. ಸ್ವಿಂಗ್‌ಗೆ ಇದಕ್ಕಿಂತ ಸ್ವಲ್ಪ ಜಾಸ್ತಿ ತಡೆಯುತ್ತದೆ, ಆದರೆ ಒಂದೇ ಕೊಳ್ಳುವವರು ಕಡಿಮೆಯದ್ದನ್ನೇ ನೋಡಿಕೊಳ್ಳಿ. ಹಿಡಿಯೊಳಗೆ ಎರಡೂ ಕೈ ಹಿಡಿಸಬೇಕು. ಹಿಡಿಯ ಒಳಮೈ ಮೇಲೆ ಬೆರಳಾಡಿಸಿ, ಎರಕದ ಗೆರೆ ಚುಚ್ಚಿದರೆ ಅಂಗೈ ಕಿತ್ತುಹೋಗುತ್ತದೆ. ಸಿಮೆಂಟ್ ತುಂಬಿದ ಪ್ಲಾಸ್ಟಿಕ್‌ನದ್ದು ಅಗ್ಗ, ಆದರೆ ಅದೇ ತೂಕಕ್ಕೆ ಉಂಡೆ ದೊಡ್ಡದಿರುತ್ತದೆ, ಮುಂಗೈಗೆ ಬಡಿಯುತ್ತದೆ. ಬಣ್ಣ ನೋಡಿ ತೂಕ ಊಹಿಸಬೇಡಿ. ಸ್ಪರ್ಧೆಗಳಲ್ಲಿ ಬಳಸುವವುಗಳಿಗೆ 16 ಹಳದಿ, 24 ಹಸಿರು ಅಂತ ಕ್ರಮವಿದೆ, ಅಂಗಡಿಯ ಸಾಮಾನ್ಯ ಮಾಲಿಗೆ ಅದಿಲ್ಲ.

ಶುರು ಮಾಡಿದ ಮೇಲೆ ಮರುದಿನ ನೋವು ಎಲ್ಲಿದೆ ಅಂತ ಗಮನಿಸಿ. ತೊಡೆಯ ಹಿಂದೆ, ಕುಂಡಿಯಲ್ಲಿ ಇದ್ದರೆ ಸರಿ ದಾರಿ. ಸೊಂಟದಲ್ಲಿ ಮಾತ್ರ ಇದ್ದರೆ ತೂಕವೋ ವಿಧಾನವೋ ತಪ್ಪಿದೆ, ಅಲ್ಲೇ ನಿಲ್ಲಿಸಿ. ಬಸ್ಕಿ ಹೊಡೆದಂತೆ ಕೂತು ಏಳುವುದು ಸ್ವಿಂಗ್ ಅಲ್ಲ, ಹಿಂಭಾಗವನ್ನು ಹಿಂದಕ್ಕೆ ತಳ್ಳಬೇಕು, ಹಿಡಿ ಮೊಣಕಾಲಿಗಿಂತ ಮೇಲೆ ತೊಡೆಸಂದಿಯ ಹತ್ತಿರವೇ ಹಾದು ಹೋಗಬೇಕು. ಕೊನೆಯ ಸ್ವಿಂಗ್ ಮೊದಲನೆಯದರಂತೆ ಇರದಿದ್ದರೆ ಎಣಿಕೆ ಬಾಕಿ ಇದ್ದರೂ ಕೆಳಗಿಡಿ.

ಈಗಾಗಲೇ ದೊಡ್ಡದು ತಂದಿದ್ದೀರಾ, ಅಂಗಡಿಯವರು ವಾಪಸ್ ತಗೊಳ್ಳುತ್ತಿಲ್ಲವಾ? ಬೀಸಬೇಡಿ. ಎರಡು ಪಾದಗಳ ನಡುವೆ ನೆಲದ ಮೇಲಿಟ್ಟು, ಬೆನ್ನು ನೇರವಾಗಿಟ್ಟು, ನಿಧಾನವಾಗಿ ಎತ್ತಿ ಇಳಿಸಿ. ಫಿಸಿಯೋ ಒಪ್ಪಿದ ಮೇಲೆ ನನ್ನ 24ನ್ನು ನಾನು ಬಳಸುತ್ತಿರುವುದು ಅದಕ್ಕಷ್ಟೇ. ಸ್ವಿಂಗ್‌ಗೆ 12ರಿಂದ ಶುರು ಮಾಡಿದೆ, ಐದು ತಿಂಗಳಾದ ಮೇಲೆ ಹೋದ ವಾರ 16ಕ್ಕೆ ಬಂದೆ. ಬೆಳಿಗ್ಗೆ ಸೊಂಟ ಬಿಗಿಯುತ್ತಿಲ್ಲ.