ಆನ್‌ಲೈನ್, ಬೆಂಗಳೂರು, ಗಂಗಾವತಿ: ಮೂರು ಇಂಟರ್ನ್‌ಶಿಪ್ ಮಾಡಿ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಗಂಗಾವತಿಗೆ. ನಾನು ಬಳ್ಳಾರಿಯಲ್ಲಿ ಕಂಪ್ಯೂಟರ್ ಸೈನ್ಸ್ ಓದುತ್ತಿದ್ದೇನೆ. ಒಂದು ಆನ್‌ಲೈನ್ ಇಂಟರ್ನ್‌ಶಿಪ್ ಮಾಡಿದೆ, ಬೆಂಗಳೂರಿನಲ್ಲಿ ದುಡ್ಡು ಕಟ್ಟಿ ಇನ್ನೊಂದು ಮಾಡಿದೆ. ಕಳೆದ ಬೇಸಿಗೆಯಲ್ಲಿ ರೈಸ್ ಮಿಲ್ ಯಂತ್ರ ರಿಪೇರಿ ಮಾಡುವ ಗಂಗಾವತಿಯ ಸಣ್ಣ ಅಂಗಡಿಗೆ ಹೋದೆ. ಜೂನಿಯರ್‌ಗಳು ಯಾವುದಕ್ಕೆ ಸೇರಲಿ ಎಂದು ಕೇಳುತ್ತಲೇ ಇದ್ದಾರೆ, ಅದಕ್ಕೆ ಇದು.

ಆನ್‌ಲೈನ್ ಬಗ್ಗೆ ಹೇಳಲು ಜಾಸ್ತಿ ಇಲ್ಲ. ಟಾಸ್ಕ್ ಕೊಡುತ್ತಾರೆ, ಯಾರೂ ತೆರೆದು ನೋಡುವುದಿಲ್ಲ, ಲಿಂಕ್ಡ್‌ಇನ್‌ನಲ್ಲಿ ಅವರ ಹೆಸರು ಹಾಕಿ ಪೋಸ್ಟ್ ಮಾಡಿದರೆ ಸರ್ಟಿಫಿಕೇಟ್ ಬರುತ್ತದೆ.

ಬೆಂಗಳೂರಿನದು ಅಷ್ಟು ಕೆಟ್ಟದ್ದಲ್ಲ. ಕೋಡ್‌ನಲ್ಲಿ ಮಾಡಿದ ಬದಲಾವಣೆಗಳ ದಾಖಲೆ ಇಡುವ ಗಿಟ್ ಬಳಸುವುದು ಅಲ್ಲೇ ಸರಿಯಾಗಿ ಬಂತು. ಆದರೆ ಅದು ಇಂಟರ್ನ್‌ಶಿಪ್ ಅಲ್ಲ, ಟ್ಯೂಷನ್. ಎಲ್ಲರಿಗೂ ಅದೇ ಶಾಪಿಂಗ್ ವೆಬ್‌ಸೈಟ್ ಪ್ರಾಜೆಕ್ಟ್, ಅದೇ ರೆಡಿ ಕೋಡ್. ಫೀಸು, ಪಿಜಿ ಬಾಡಿಗೆ, ಮೆಟ್ರೋ ಎಲ್ಲ ಸೇರಿ ಮನೆಯಿಂದ ಹೋದ ದುಡ್ಡು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಗಂಗಾವತಿಯಲ್ಲಿ ಫೀಸಿಲ್ಲ, ಸಂಬಳವೂ ಇಲ್ಲ. ಬಸ್ ಚಾರ್ಜು ಅಂಗಡಿಯವರೇ ಕೊಟ್ಟರು. ಊಟ, ವಸತಿ ಚಿಕ್ಕಮ್ಮನ ಮನೆಯಲ್ಲಿ, ಹಾಗಾಗಿ ಆ ಲೆಕ್ಕದಲ್ಲಿ ಉಳಿದ ಎರಡೂ ಸ್ಪರ್ಧೆಯಲ್ಲೇ ಇಲ್ಲ.

ಕೆಲಸ ಏನೆಂದರೆ ಸಾರ್ಟೆಕ್ಸ್ ಮಷಿನ್, ಅಂದರೆ ಅಕ್ಕಿಯಿಂದ ಕಪ್ಪು ಕಾಳು, ಕಲ್ಲು ಬೇರೆ ಮಾಡುವ ಯಂತ್ರ. ಅಕ್ಕಿ ಇಳಿಜಾರಿನ ಜಾಡಿನಲ್ಲಿ ತೆಳ್ಳಗೆ ಜಾರಿ ಬರುತ್ತದೆ. ಹಿಂದೆ ಮುಂದೆ ಕ್ಯಾಮೆರಾ, ಎಲ್‌ಇಡಿ ದೀಪ. ಕಪ್ಪು ಕಾಳೋ ಕಲ್ಲೋ ಕಂಡ ಕೂಡಲೇ ಪುಟ್ಟ ವಾಲ್ವ್ ತೆರೆದು, ಕಂಪ್ರೆಸರ್ ಗಾಳಿ ಆ ಒಂದು ಕಾಳನ್ನು ಪಕ್ಕಕ್ಕೆ ಹೊಡೆಯುತ್ತದೆ. ಕಣ್ಣು ಮಿಟುಕಿಸುವುದರೊಳಗೆ ಮುಗಿದಿರುತ್ತದೆ. ಸೆಟ್ಟಿಂಗ್ ಬಿಗಿ ಮಾಡಿದರೆ ಒಳ್ಳೆ ಅಕ್ಕಿಯೂ ಹೋಗುತ್ತದೆ, ಸಡಿಲ ಬಿಟ್ಟರೆ ಕಪ್ಪು ಕಾಳು ಚೀಲಕ್ಕೆ ಬೀಳುತ್ತದೆ. ಈ ಬಿಗಿ-ಸಡಿಲದ ಗಡಿಯನ್ನೇ ಕ್ಲಾಸಿನಲ್ಲಿ ಥ್ರೆಶೋಲ್ಡ್ ಅಂತ ಬರೆದುಕೊಂಡಿದ್ದೆ. ಇಲ್ಲಿ ಅದಕ್ಕೆ ಕ್ವಿಂಟಾಲ್ ಲೆಕ್ಕದಲ್ಲಿ ದುಡ್ಡಿದೆ.

ಕಾರಟಗಿ ಕಡೆಯ ಒಂದು ಮಿಲ್ಲಿನಲ್ಲಿ ಒಳ್ಳೆ ಅಕ್ಕಿ ರಿಜೆಕ್ಟ್‌ಗೆ ಬೀಳುತ್ತಿತ್ತು. ಸಾಫ್ಟ್‌ವೇರ್ ಕೆಟ್ಟಿದೆ ಎಂದು ಮಾಲೀಕರ ದೂರು. ನಮ್ಮ ಮೆಕ್ಯಾನಿಕ್ ಅಣ್ಣ ಸ್ಕ್ರೀನ್ ಕಡೆ ತಿರುಗಿಯೂ ನೋಡಲಿಲ್ಲ. "ಮೊದ್ಲು ಗಾಜು ನೋಡು, ಗಾಳಿ ನೋಡು. ಆಮ್ಯಾಗ ನಿನ್ನ ಸಾಫ್ಟ್‌ವೇರ್" ಎಂದರು. ಗಾಜಿನ ಮೇಲೆ ತೌಡಿನ ಧೂಳು ಹತ್ತಿತ್ತು. ಬಿಳಿ ಅಕ್ಕಿ ಕ್ಯಾಮೆರಾಗೆ ಮಸುಕಾಗಿ ಕಂಡರೆ ಮಷಿನ್ ಇನ್ನೇನು ಮಾಡೀತು?

ಈಗ ತಲೆನೋವಿನ ವಿಷಯ. ಅದು ಕೆಲಸದ್ದಲ್ಲ, ಕಾಗದದ್ದು. ಕಾಲೇಜಿಗೆ ಆಫರ್ ಲೆಟರ್ ಬೇಕು. ಅಂಗಡಿಯಲ್ಲಿದ್ದದ್ದು ಬಿಲ್ ಬುಕ್ಕು, ಒಂದು ರಬ್ಬರ್ ಸ್ಟ್ಯಾಂಪು. ನಾನೇ ಲೆಟರ್‌ಹೆಡ್ ಮಾಡಿ ಸಹಿ ಹಾಕಿಸಿ ಕೊಟ್ಟರೆ, ಕಾಲೇಜಿನವರು ವೆಬ್‌ಸೈಟ್ ಎಲ್ಲಿ ಎಂದರು. ಇಲ್ಲ. ಇಮೇಲ್ ಜಿಮೇಲ್‌ನಲ್ಲಿದೆ, ನಡೆಯಲ್ಲ. ಕಂಪನಿಯ ಸಿಐಎನ್ ನಂಬರ್ ತನ್ನಿ ಎಂದರು. ಅದು ನೋಂದಾಯಿತ ಕಂಪನಿಗಳಿಗೆ ಇರುವಂಥದ್ದು. ಒಬ್ಬರೇ ನಡೆಸುವ ಅಂಗಡಿಗೆ ಎಲ್ಲಿಂದ ಬರಬೇಕು? ಸುಮ್ನೆ ಪಿಡಿಎಫ್ ಕಳಿಸಿದ ಆನ್‌ಲೈನ್‌ನವರಿಗೆ ಮಾತ್ರ ಇವೆಲ್ಲ ಇತ್ತು, ಅವರ ಸರ್ಟಿಫಿಕೇಟ್ ಒಂದು ಪ್ರಶ್ನೆಯಿಲ್ಲದೆ ಪಾಸಾಯಿತು!

ಕೊನೆಗೆ ದಾರಿ ತೋರಿಸಿದ್ದು ಉದ್ಯಮ್ ನೋಂದಣಿ. ಸಣ್ಣ ಉದ್ದಿಮೆಗಳಿಗಾಗಿ 2020ರ ಜುಲೈ 1ರಿಂದ ಇರುವ ಸರ್ಕಾರಿ ಪೋರ್ಟಲ್ ಅದು. ಫೀಸಿಲ್ಲ, ಆಧಾರ್ ಓಟಿಪಿಯಿಂದ ಶುರುವಾಗುತ್ತದೆ. ಆದರೆ ಓಟಿಪಿ ಬರುವ ಹೊತ್ತಿಗೆ ನಮ್ಮ ಮಾಲೀಕರು ಯಾವುದೋ ಮಿಲ್ಲಿನೊಳಗೆ ಇರುತ್ತಿದ್ದರು. ಅಲ್ಲಿನ ಸದ್ದಿಗೆ ಫೋನ್ ಕೇಳುವುದೇ ಇಲ್ಲ. ವಾಪಸ್ ಮಾಡುವಷ್ಟರಲ್ಲಿ ಓಟಿಪಿ ಸತ್ತಿರುತ್ತಿತ್ತು. ಒಂದು ಸಂಜೆ ಚಹಾ ಕೊಟ್ಟು, ಎದುರಿಗೆ ಕೂರಿಸಿಕೊಂಡೇ ಮಾಡಿಸಿದೆ. ಉದ್ಯಮ್ ಪ್ರಮಾಣಪತ್ರ, ಜಿಎಸ್‌ಟಿ ಪ್ರತಿ, ಕೆಲಸದ ಫೋಟೋ, ದಿನದ ಡೈರಿ ಇಷ್ಟೂ ಕೊಟ್ಟ ಮೇಲೆ ಕಾಲೇಜಿನ ಸಹಿ ಬಿತ್ತು. ಸಣ್ಣ ಅಂಗಡಿಗೆ ಹೋಗುವವರು ಸೇರುವ ಮುಂಚೆಯೇ ಇದನ್ನು ಮುಗಿಸಿಕೊಳ್ಳಿ.

ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆ ಬಗ್ಗೆಯೂ ಕೇಳುತ್ತಾರೆ. 2024ರ ಅಕ್ಟೋಬರ್‌ನಲ್ಲಿ ಶುರುವಾದಾಗ ತಿಂಗಳಿಗೆ 5,000 ರೂಪಾಯಿ ಇಟ್ಟಿದ್ದರು. ಆದರೆ ಪೂರ್ಣಾವಧಿ ಓದುತ್ತಿರುವವರಿಗೆ ಅದು ಇರಲಿಲ್ಲ. ಹಾಗಾಗಿ ನನ್ನ ಹೋಲಿಕೆಯಲ್ಲಿ ಅದಿಲ್ಲ.

ಯಾರಿಗೆ ಯಾವುದು? ಕೋಡಿಂಗ್ ಬುನಾದಿಯೇ ಇಲ್ಲ, ಮನೆಯಲ್ಲಿ ದುಡ್ಡಿಗೆ ತೊಂದರೆಯಿಲ್ಲ ಅಂದರೆ ಬೆಂಗಳೂರು ಆಗಬಹುದು. ಧೂಳಿನ ಅಲರ್ಜಿ ಇರುವವರು ಮಿಲ್ಲಿನ ಸುದ್ದಿಗೆ ಹೋಗಬೇಡಿ. ನನಗೆ ಕೈಯಲ್ಲಿ ಮುಟ್ಟಿ ಬಿಚ್ಚಿ ನೋಡಿದರೇ ವಿಷಯ ತಲೆಗೆ ಹೋಗುವುದು, ಜೇಬಿನಲ್ಲಿ ಕಾಸೂ ಕಡಿಮೆ. ಹಾಗಾಗಿ ಗಂಗಾವತಿ. ಬೇಸಿಗೆ ಬೆಳೆಗೆ ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿ ನೀರು ಬಿಟ್ಟ ವರ್ಷ ಹೋಗಿ, ಆಗ ಮಿಲ್‌ಗಳಿಗೆ ಪುರುಸೊತ್ತಿರುವುದಿಲ್ಲ, ಕಲಿಯಲು ಜಾಸ್ತಿ ಸಿಗುತ್ತದೆ.

ಮೊದಲು ನನ್ನ ಗುರಿ ವೆಬ್ ಡೆವಲಪರ್ ಆಗುವುದಿತ್ತು. ಈಗ ಇಮೇಜ್ ಪ್ರೊಸೆಸಿಂಗ್ ಎಲೆಕ್ಟಿವ್ ತೆಗೆದುಕೊಂಡಿದ್ದೇನೆ, ಚಿತ್ರಗಳನ್ನು ಕಂಪ್ಯೂಟರ್‌ನಿಂದ ಗುರುತಿಸಲು ಬಳಸುವ ಓಪನ್‌ಸಿವಿ ಕಲಿಯುತ್ತಿದ್ದೇನೆ. ಇಂಥ ಮಷಿನ್ ಮಾಡುವ ಬ್ಯೂಲರ್ ಕಂಪನಿ ಬೆಂಗಳೂರಿನ ಅತ್ತಿಬೆಲೆಯಲ್ಲಿದೆ. ಅಂಥ ಕಡೆಗೇ ಅರ್ಜಿ ಹಾಕಬೇಕೆಂದಿದ್ದೇನೆ. ಅಪ್ಪನದು ಮಾತ್ರ ಒಂದೇ ಹಟ: ನಮ್ಮ ಕಲ್ಯಾಣ ಕರ್ನಾಟಕದವರಿಗೆ 371ಜೆ ಮೀಸಲಾತಿ ಇದೆ, ಸುಮ್ನೆ ಕೆಪಿಎಸ್‌ಸಿಗೆ ಓದು. ಅರ್ಜಿ ಅದಕ್ಕೂ ಹಾಕುತ್ತೇನೆ ಎಂದು ಒಪ್ಪಿಕೊಂಡಿದ್ದೇನೆ.