ಕುಂಚದ ಫಾಂಟ್: ತಲೆಕಟ್ಟು ಚೆಂದ, ಒತ್ತಕ್ಷರ ಹಾಗಿಲ್ಲ

ಸಾಗರದಲ್ಲಿ ನನ್ನದೊಂದು ಡಿಟಿಪಿ ಅಂಗಡಿ. ಉಪ್ಪಿನಕಾಯಿ ಬಾಟಲಿಯ ಲೇಬಲ್‌ನಿಂದ ಹಿಡಿದು ಮೂರು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆಯ ಫ್ಲೆಕ್ಸ್‌ವರೆಗೆ ಎಲ್ಲವನ್ನೂ ಮಾಡುತ್ತೇವೆ. ಕುಂಚದಲ್ಲಿ ಬರೆದ ಹಾಗೆ ಕಾಣುವ ಕನ್ನಡ ಯೂನಿಕೋಡ್ ಫಾಂಟೊಂದನ್ನು ದುಡ್ಡು ಕೊಟ್ಟೇ ತಗೊಂಡೆ. ಮಾಡಿದವರು ಸಣ್ಣವರು, ಹೆಸರು ಬೇಡ.

ಮೊದಲು ಕಣ್ಣಿಗೆ ಬೀಳುವುದು ತಲೆಕಟ್ಟು. ಬಣ್ಣ ತುಂಬಿದ ಕುಂಚ ಊರಿದಲ್ಲಿ ದಪ್ಪ, ಗೆರೆ ಮುಗಿಯುವಲ್ಲಿ ಕೂದಲು ಸೀಳಿ ಒಣಗಿದ ಬಿರುಕು. ನಮ್ಮ ಅಕ್ಷರಗಳೋ ದುಂಡಗೆ. 'ಅ' ಬರೆಯುವಾಗ ಸುತ್ತು ಮುಗಿಯುವ ಮೊದಲೇ ಬಣ್ಣ ತೀರುತ್ತದೆ. ಅದನ್ನೂ ಹಾಗೇ ಬಿಡಿಸಿದ್ದಾರೆ. ಬಯಲಾಟದ ಪೋಸ್ಟರಿನಲ್ಲಿ 'ಯಕ್ಷಗಾನ' ಅಂತ ಅಡ್ಡಗಲ ಹಾಕಿ ನೋಡಿ, ಚೆಂಡೆ ಬಾರಿಸಿದ ಹಾಗಿರುತ್ತದೆ.

'ಶಿವಮೊಗ್ಗ' ಟೈಪ್ ಮಾಡಿದರೆ ಬಣ್ಣ ಬಯಲು. ಒತ್ತನ್ನು ಪ್ರತ್ಯೇಕ ಬರೆದಿಲ್ಲ ಮಾರಾಯ್ರೆ! 'ಗ'ದ ತಲೆಕಟ್ಟು ತೆಗೆದು, ಕುಗ್ಗಿಸಿ ಕೆಳಗೆ ಕೂರಿಸಿದ್ದಾರೆ. ಗೆರೆಯ ಜೊತೆ ಬಿರುಕೂ ಕುಗ್ಗಿದೆ. ಮೇಲಿನದ್ದು ಗೋಡೆ ಬರೆಯುವ ಕುಂಚ, ಕೆಳಗಿನದ್ದು ಚಿತ್ರ ತಿದ್ದುವ ಕುಂಚ ಅನ್ನಿಸುತ್ತದೆ. 'ಅಪ್ಪೆಮಿಡಿ ಉಪ್ಪಿನಕಾಯಿ'ಯಲ್ಲಿ ಇನ್ನೊಂದು ತಾಪತ್ರಯ: ಎರಡು ಪ-ಒತ್ತಿನಲ್ಲೂ ಅದೇ ಜಾಗದಲ್ಲಿ ಅದೇ ಸೀಳು. ಕೈಯಲ್ಲಿ ಬರೆದರೆ ಹಾಗಾಗುತ್ತದೆಯೇ? ಕೆಲವು ಮೂಲಾಕ್ಷರಗಳಿಗೆ ಬದಲಿ ರೂಪ ಕೊಟ್ಟಿದ್ದಾರೆ, ಒತ್ತಿಗೆ ಒಂದೂ ಇಲ್ಲ. ನಾನು ಅಕ್ಷರವನ್ನು ಔಟ್‌ಲೈನ್ ಮಾಡಿಕೊಂಡು (ಅಂದರೆ ಟೈಪ್ ಮಾಡಿದ್ದನ್ನು ತಿದ್ದಬಹುದಾದ ಗೆರೆಯಾಗಿಸಿ) ಒಂದು ಒತ್ತನ್ನು ಸ್ವಲ್ಪ ತಿದ್ದುತ್ತೇನೆ.

ಫ್ಲೆಕ್ಸಿಗೆ ಹೇಳಿ ಮಾಡಿಸಿದ್ದು. ವಿನೈಲ್ ಸ್ಟಿಕ್ಕರ್ ಕತ್ತರಿಸುವವರು ಮಾತ್ರ ಇದರ ಸಹವಾಸಕ್ಕೆ ಹೋಗಬೇಡಿ. ಒಂದೊಂದು ಬಿರುಕಿನ ಸುತ್ತಲೂ ಬ್ಲೇಡು ಓಡುತ್ತದೆ, ಆಮೇಲೆ ಆ ಚೂರುಗಳನ್ನು ಚಿಮಟದಲ್ಲಿ ಕಿತ್ತು ಕೂರಬೇಕು. ಬಟ್ಟೆ ಚೀಲದ ಸ್ಕ್ರೀನ್ ಪ್ರಿಂಟಿಂಗಿನಲ್ಲಿ ಸಣ್ಣ ಬಿರುಕಿಗೆಲ್ಲ ಇಂಕು ತುಂಬಿ ಮುಚ್ಚಿಹೋಗುತ್ತದೆ. ಅಕ್ಷರ ದೊಡ್ಡದಿದ್ದರೆ ಅಡ್ಡಿಯಿಲ್ಲ.

ಎರಡು ಮೂರು ಪದಕ್ಕಿಂತ ಹೆಚ್ಚು ಇದರಲ್ಲಿ ಬೇಡ. ಲೇಬಲ್ಲಿನ ಹೆಸರಿಗೆ ಹಾಕಿ, ತೂಕ, ಬೆಲೆ, ವಿಳಾಸಕ್ಕೆ ನೋಟೋ ಸಾನ್ಸ್ ಕನ್ನಡದಂಥ ಸಾದಾ ಫಾಂಟ್ ಸಾಕು. ಬಿರುಕು ಬೇಡ, ಸ್ವಲ್ಪ ಬಳುಕು ಇದ್ದರಾಯಿತು ಅನ್ನುವವರಿಗೆ 'ಅಕಾಯ ಕನಡಕ' (Akaya Kanadaka) ಅನ್ನುವ ಫಾಂಟ್ ಪುಕ್ಕಟೆ ಸಿಗುತ್ತದೆ. ವೈಷ್ಣವಿ ಮೂರ್ತಿ ಮತ್ತು ಹುವಾನ್ ಲೂಯಿಸ್ ಬ್ಲಾಂಕೊ ಮಾಡಿದ್ದು, ಮುಕ್ತ ಪರವಾನಗಿ ಇದೆ.

ನುಡಿ, ಬರಹ ತಂತ್ರಾಂಶಗಳ ಹಳೆಯ ಎನ್‌ಕೋಡಿಂಗಿನಲ್ಲಿ ಟೈಪ್ ಮಾಡಿದ ಫೈಲಿಗೆ ಇದನ್ನು ಹಚ್ಚಿದರೆ ಕನ್ನಡ ಕಾಣಿಸುವುದಿಲ್ಲ, ಮೊದಲು ಯೂನಿಕೋಡಿಗೆ ಪರಿವರ್ತಿಸಿಕೊಳ್ಳಿ. ಹಳೆಯ ಫೋಟೋಶಾಪಿನಲ್ಲಿ ಒತ್ತು ಕಳಚಿ ಪಕ್ಕಕ್ಕೆ ನಿಂತರೆ ಫಾಂಟನ್ನು ಬೈಯುವ ಮೊದಲು ಟೈಪ್ ಸೆಟ್ಟಿಂಗಿನಲ್ಲಿ ದಕ್ಷಿಣ ಏಷ್ಯಾದ ಲಿಪಿಗಳ ಆಯ್ಕೆ ಹಾಕಿದ್ದೀರಾ ನೋಡಿ. ಇಂಕ್‌ಸ್ಕೇಪಿನಲ್ಲಿ ಆ ರಗಳೆ ಇಲ್ಲ.