ಸ್ಟ್ರೀಟ್ ಫೈಟರ್ 6, ಟೆಕ್ಕನ್ 8: ಒಂದಕ್ಕೇ ದುಡ್ಡಿದ್ದರೆ ಯಾವುದು?

ಪಿಎಸ್5ಗೆ ಒಂದೇ ಫೈಟಿಂಗ್ ಗೇಮ್ ಕೊಳ್ಳುವುದಾದರೆ ಸ್ಟ್ರೀಟ್ ಫೈಟರ್ 6 ತಗೊಳ್ಳಿ. ಎರಡನ್ನೂ ಸಾಕಷ್ಟು ಆಡಿಯೇ ಈ ಮಾತು ಹೇಳುತ್ತಿರುವುದು. ಟೆಕ್ಕನ್ 8 ಕೆಟ್ಟ ಆಟ ಅಂತಲ್ಲ. ನೋಡೋಕೆ ಅದೇ ಒಂದು ಕೈ ಮೇಲು: ಗೋಡೆ ಒಡೆಯುತ್ತೆ, ನೆಲ ಕುಸಿಯುತ್ತೆ, ಪ್ರತಿ ಹೊಡೆತಕ್ಕೂ ಕಿಡಿ ಹಾರುತ್ತೆ. ಆದರೆ ರಾತ್ರಿ ಊಟವಾದ ಮೇಲೆ ಒಂದು ಗಂಟೆ ಸಿಕ್ಕರೆ ಹೆಚ್ಚು ಅನ್ನುವವರಿಗೆ ಅದು ಕೊಡುವ ಹೋಂವರ್ಕ್ ವಿಪರೀತ.

ಟೆಕ್ಕನ್ 8 ಬಂದಿದ್ದು 2024ರ ಜನವರಿಯಲ್ಲಿ, 32 ಪಾತ್ರಗಳೊಂದಿಗೆ. ಬಹುತೇಕ ಎಲ್ಲರಿಗೂ ನೂರರ ಆಸುಪಾಸು ಮೂವ್‌ಗಳಿವೆ. ನಿಮ್ಮ ಪಾತ್ರದ್ದು ಹದಿನೈದು ಬಂದರೆ ಆಟ ಸಾಗುತ್ತೆ. ಗೋಳು ಶುರುವಾಗುವುದು ಎದುರಾಳಿಯ ಕಡೆಯಿಂದ. ನಾಲ್ಕು ಹೊಡೆತದ ಸ್ಟ್ರಿಂಗ್‌ನಲ್ಲಿ (ಒಂದರ ಹಿಂದೊಂದು ಬರುವ ಹೊಡೆತಗಳ ಸರಣಿ) ಮೂರನೆಯದು ಹೈ, ಅಂದರೆ ತಲೆಯೆತ್ತರದ್ದು ಅಂತ ಗೊತ್ತಿದ್ದವರು ಅಲ್ಲೇ ಕೂತು ತಪ್ಪಿಸಿಕೊಂಡು, ಎದ್ದು ತಿರುಗಿ ಹೊಡೆದು ಪನಿಶ್ ಮಾಡುತ್ತಾರೆ. ಗೊತ್ತಿಲ್ಲದವರು ಮೊದಲ ಮೂರನ್ನೂ ಬ್ಲಾಕ್ ಮಾಡಿಕೊಂಡು, ಕೊನೆಯ ಲೋ (ಕಾಲಿನ ಕಡೆಯ ಹೊಡೆತ) ತಿಂದು ಬೀಳುತ್ತಾರೆ. ಕಣ್ಣು ಎಷ್ಟೇ ಚುರುಕಾಗಿದ್ದರೂ ಇಲ್ಲಿ ಉಪಯೋಗವಿಲ್ಲ, ಬಾಯಿಪಾಠವೇ ಗತಿ. ಇದಕ್ಕೆ ಮದ್ದೂ ಅದರಲ್ಲೇ ಇದೆ ಅನ್ನಿ: ಸೋತ ಪಂದ್ಯದ ರಿಪ್ಲೇ ಹಾಕಿ, ಹೊಡೆತ ಬೀಳುವ ಮುಂಚೆ ನಿಲ್ಲಿಸಿ, ಅಲ್ಲಿಂದ ನೀವೇ ಆಡಿ ನೋಡಬಹುದು. ಎಲ್ಲಿ ಏನು ಪನಿಶ್ ಮಾಡಬಹುದಿತ್ತು ಅಂತ ಆಟವೇ ಸೂಚನೆ ಕೊಡುತ್ತೆ. ಬಹಳ ಒಳ್ಳೆಯ ಸೌಲಭ್ಯ.

ಹೀಟ್ ಅನ್ನುವ, ದಾಳಿಗೆ ಬಲ ಕೊಡುವ ಸ್ಥಿತಿ ಇನ್ನೊಂದು ತಲೆನೋವು. ರೌಂಡಿಗೆ ಒಮ್ಮೆ ಅದನ್ನು ಶುರು ಮಾಡಿದವನು ಸುಮಾರು ಹತ್ತು ಸೆಕೆಂಡ್ ನಿಮ್ಮ ಮೈಮೇಲೇ ಬೀಳುತ್ತಾನೆ, ಬ್ಲಾಕ್ ಮಾಡಿದರೂ ಜೀವ ಕರಗುತ್ತೆ. ಹಿಂದೆ ಸರಿದು, ಪಕ್ಕಕ್ಕೆ ಹೆಜ್ಜೆಯಿಟ್ಟು, ಎದುರಾಳಿ ಗಾಳಿಗೆ ಗುದ್ದಿದಾಗ ಹೊಡೆಯುವ ಹಳೆಯ ಟೆಕ್ಕನ್ ಶೈಲಿಗೆ ಬೆಲೆ ಕಮ್ಮಿಯಾಯಿತು. 2025ರ ಏಪ್ರಿಲ್‌ನ ಎರಡನೇ ಸೀಸನ್ ಅಪ್‌ಡೇಟ್ ಇದನ್ನು ಇನ್ನೂ ಹೆಚ್ಚಿಸಿದಾಗ ಆಟಗಾರರೆಲ್ಲ ರೇಗಿದರು, ಕಂಪನಿ ತಿದ್ದುಪಡಿಯ ಪ್ಯಾಚ್‌ಗಳನ್ನು ಬಿಡಬೇಕಾಯಿತು.

ಪಾರ್ಲರ್‌ಗಳಲ್ಲಿ ಟೆಕ್ಕನ್ 3 ಆಡಿ, ಎಡ್ಡಿ ಗೋರ್ಡೊ ಹಿಡಿದು ಕಾಲಿನ ಬಟನ್‌ಗಳನ್ನಷ್ಟೇ ಕುಟ್ಟಿ ಗೆದ್ದವರಿಗೆ ಒಂದು ಮಾತು: 8ರ ಮೂಲ ಪಟ್ಟಿಯಲ್ಲಿ ಎಡ್ಡಿ ಇಲ್ಲ, ಬೇರೆ ದುಡ್ಡು ಕೊಡಬೇಕು.

ಇನ್ನು ಸ್ಟ್ರೀಟ್ ಫೈಟರ್ 6. 2023ರ ಜೂನ್‌ನಲ್ಲಿ ಬಂದಾಗ ಇದ್ದಿದ್ದು 18 ಪಾತ್ರ, ಒಬ್ಬೊಬ್ಬರದೂ ಚಿಕ್ಕ ಪಟ್ಟಿ. ಡ್ರೈವ್ ಗೇಜ್‌ನ (ವಿಶೇಷ ಮೂವ್‌ಗಳಿಗೆ ಖರ್ಚಾಗುವ ಶಕ್ತಿಯ ಅಳತೆ) ಆರು ಕಟ್ಟಿನ ಲೆಕ್ಕ ಕೂತರೆ ಅರ್ಧ ಆಟ ಬಂದ ಹಾಗೆ. ಎದುರಾಳಿಯ ಏಟು ತಡೆದುಕೊಂಡೇ ಹೊಡೆಯುವ ಡ್ರೈವ್ ಇಂಪ್ಯಾಕ್ಟ್‌ಗೆ ಒಂದು, ಸ್ಪೆಷಲ್ ಮೂವ್‌ನ ಬಲವಾದ ರೂಪವಾದ ಓವರ್‌ಡ್ರೈವ್ ಮೂವ್‌ಗೆ ಎರಡು, ಹೊಡೆತದ ನಡುವೆಯೇ ಮುನ್ನುಗ್ಗುವ ಡ್ರೈವ್ ರಶ್‌ಗೆ ಮೂರು. ಆರೂ ಖಾಲಿಯಾದರೆ ಬರ್ನ್‌ಔಟ್. ಆಗ ಮೂಲೆಯಲ್ಲಿ ಇಂಪ್ಯಾಕ್ಟ್ ಬ್ಲಾಕ್ ಮಾಡಿದರೂ ತಲೆ ತಿರುಗಿ ನಿಲ್ಲುತ್ತೀರಿ, ಅಲ್ಲಿಗೆ ರೌಂಡ್ ಮುಗಿದಂತೆಯೇ.

ಹೊಸಬರು ಅಳುವುದೆಲ್ಲ ಈ ಇಂಪ್ಯಾಕ್ಟ್‌ಗೇ. ಅದು ತಗುಲೋಕೆ 26 ಫ್ರೇಮ್ (ಸೆಕೆಂಡಿಗೆ 60 ಫ್ರೇಮ್) ಬೇಕು, ಅಂದರೆ 0.43 ಸೆಕೆಂಡ್. ನೋಡಿ ತಿರುಗಿಸಿ ಕೊಡೋಕೆ ಸಾಕಷ್ಟು ಹೊತ್ತು, ನೀವು ಆಗಲೇ ಬೇರೆ ಬಟನ್ ಒತ್ತಿರದಿದ್ದರೆ. ಟ್ರೇನಿಂಗ್‌ನಲ್ಲಿ ಡಮ್ಮಿಗೆ (ಅಭ್ಯಾಸದ ಎದುರಾಳಿಗೆ) ಮೂರು ಸ್ಲಾಟ್ ರೆಕಾರ್ಡ್ ಮಾಡಿ: ಒಂದರಲ್ಲಿ ಇಂಪ್ಯಾಕ್ಟ್, ಒಂದರಲ್ಲಿ ಜಂಪ್, ಒಂದರಲ್ಲಿ ಸುಮ್ಮನೆ ನಡಿಗೆ. ಮೂರನ್ನೂ ಆನ್ ಮಾಡಿದರೆ ಯಾವುದು ಬರುತ್ತದೋ ಗೊತ್ತಾಗುವುದಿಲ್ಲ. ದಿನಕ್ಕೆ ಹತ್ತು ನಿಮಿಷ ಇದನ್ನೇ ಮಾಡಿ.

ಈಗ ಈ ಆಟದ ನಿಜವಾದ ಕಿರಿಕಿರಿ. ರ್ಯು ಅಥವಾ ಕೆನ್ ಹಿಡಿದು ಮುಂದೆ ನಡೆಯುತ್ತಾ ಹಡೋಕೆನ್ (ದೂರಕ್ಕೆ ಎಸೆಯುವ ಶಕ್ತಿಯ ಉಂಡೆ) ಬಿಡೋಕೆ ಹೋದರೆ ಶೋರ್ಯುಕೆನ್ (ಮೇಲಕ್ಕೆ ಹಾರಿ ಗುದ್ದುವ ಮೂವ್) ಬರುತ್ತೆ. ಎದುರಾಳಿ ದೂರದಲ್ಲಿರುತ್ತಾನೆ, ನೀವು ಗಾಳಿಯಲ್ಲಿ ಮುಷ್ಟಿ ಎತ್ತಿ ಹಾರಿರುತ್ತೀರಿ, ಕೆಳಗಿಳಿಯುವಷ್ಟರಲ್ಲಿ ಅವನ ದೊಡ್ಡ ಕಾಂಬೊ ಕಾದಿರುತ್ತೆ. ಪ್ಯಾಡ್ ಕೆಟ್ಟಿದೆ ಅಂದುಕೊಂಡು ಹೊಸದು ಕೊಳ್ಳಲು ಓಡಬೇಡಿ. ಹಡೋಕೆನ್ ಅಂದರೆ ಕೆಳಗೆ, ಓರೆ, ಮುಂದೆ. ಶೋರ್ಯುಕೆನ್ ಅಂದರೆ ಮುಂದೆ, ಕೆಳಗೆ, ಓರೆ. ನಡೆಯೋಕೆ ಒತ್ತಿದ ‘ಮುಂದೆ’ಯನ್ನೂ ಆಟ ಲೆಕ್ಕಕ್ಕೆ ಹಿಡಿಯುವುದರಿಂದ ಅದಕ್ಕೆ ಕಾಣುವುದು ಮುಂದೆ, ಕೆಳಗೆ, ಓರೆ, ಮುಂದೆ. ಎರಡೂ ಹೊಂದುತ್ತವೆ, ಶೋರ್ಯುಕೆನ್‌ಗೇ ಮೊದಲ ಮರ್ಯಾದೆ.

ಇದನ್ನು ಕಣ್ಣಾರೆ ನೋಡಬೇಕಾದರೆ ಟ್ರೇನಿಂಗ್‌ನಲ್ಲಿ ಕೀ ಹಿಸ್ಟರಿ ಆನ್ ಮಾಡಿ. ಯಾವ ದಿಕ್ಕು ಎಷ್ಟು ಫ್ರೇಮ್ ಒತ್ತಿತ್ತು ಅಂತ ಪಕ್ಕದಲ್ಲೇ ಬರುತ್ತೆ. ‘ಮುಂದೆ’ ಮತ್ತು ‘ಕೆಳಗೆ’ಯ ನಡುವೆ ಯಾವ ದಿಕ್ಕೂ ಒತ್ತದ ಸಾಲು ಇಲ್ಲದಿದ್ದರೆ ಅಥವಾ ಒಂದೆರಡೇ ಫ್ರೇಮ್ ಇದ್ದರೆ ಕಾರಣ ಅದೇ. ಉಪಾಯ ಎರಡಿವೆ. ಒಂದು, ಹೆಬ್ಬೆರಳನ್ನು ಪೂರ್ತಿ ಬಿಟ್ಟು, ಒಂದು ಗಳಿಗೆ ತಡೆದು ಆಮೇಲೆ ಕೆಳಗೆ ಒತ್ತುವುದು. ಎರಡು, ಹಡೋಕೆನ್ ಅನ್ನು ಹಿಂದಿನಿಂದಲೇ ಶುರು ಮಾಡಿ ಅರ್ಧ ಚಕ್ರ ತಿರುಗಿಸುವುದು. ಅಷ್ಟರಲ್ಲಿ ಹಳೆಯ ‘ಮುಂದೆ’ ಲೆಕ್ಕದಿಂದ ಬಿದ್ದುಹೋಗಿರುತ್ತೆ. ಅವಸರದಲ್ಲಿ ಕೈಗೆ ಬರುವುದು ಎರಡನೆಯದೇ. ಅನಲಾಗ್ ಸ್ಟಿಕ್ ಮಾತ್ರ ಬೇಡ, ಸ್ವಲ್ಪ ಮೇಲೆ ಹೋದರೂ ಜಂಪ್ ಆಗುತ್ತೆ. ಡಿ-ಪ್ಯಾಡೇ ಸರಿ.

ಒಂದೇ ಬಟನ್‌ಗೆ ಸ್ಪೆಷಲ್ ಮೂವ್ ಬರುವ ಮಾಡರ್ನ್ ಕಂಟ್ರೋಲ್ ಹಾಕಿದರೆ ಈ ಕಾಟ ಇರಲ್ಲ ಅನ್ನುತ್ತಾರೆ. ಅರ್ಧ ನಿಜ. ಅದರಲ್ಲಿ ಸ್ಪೆಷಲ್ ಬಟನ್ ಸುಮ್ಮನೆ ಒತ್ತಿದರೆ ಹಡೋಕೆನ್, ಮುಂದೆ ಹಿಡಿದು ಒತ್ತಿದರೆ ಶೋರ್ಯುಕೆನ್. ನಡೆಯುತ್ತಾ ಒತ್ತಿದರೆ ಏನಾಗುತ್ತೆ, ನೀವೇ ಹೇಳಿ. ಜೊತೆಗೆ ಒಂದೇ ಬಟನ್‌ನ ಸ್ಪೆಷಲ್‌ಗೆ ಏಟು 20 ಶೇಕಡಾ ಕಮ್ಮಿ. ಅದೇ ಮೂವ್ ಅನ್ನು ದಿಕ್ಕು ತಿರುಗಿಸಿ ಹಾಕಿದರೆ ಪೂರ್ತಿ ಏಟು. ಆದರೂ ಹೊಸಬರಿಗೆ ನನ್ನ ಓಟು ಮಾಡರ್ನ್‌ಗೇ. ಟೆಕ್ಕನ್‌ನ ಸ್ಪೆಷಲ್ ಸ್ಟೈಲ್ ಅನ್ನುವ ಸುಲಭ ಕಂಟ್ರೋಲ್ ಇದಕ್ಕೆ ಸಮನಲ್ಲ: ಎಲ್1 ಒತ್ತಿ ಬೇಕಾದಾಗ ಹಾಕಿ ತೆಗೆಯಬಹುದು, ಆದರೆ ನೂರರಲ್ಲಿ ನಾಲ್ಕಾರು ಮೂವ್ ಕೈಗೆ ಸಿಕ್ಕರೆ ಬ್ಲಾಕ್ ಮಾಡುವ ಪಾಠ ತಪ್ಪುತ್ತದೆಯೇ?

ಬ್ಲಾಕ್ ಮಾತು ಬಂತಲ್ಲ, ಟೆಕ್ಕನ್‌ನಲ್ಲಿ ಏನೂ ಒತ್ತದೆ ನಿಂತರೂ ಹೈ, ಮಿಡ್ (ನಡುಮಟ್ಟದ ಹೊಡೆತ) ಬ್ಲಾಕ್ ಆಗುತ್ತವೆ. ಸ್ಟ್ರೀಟ್ ಫೈಟರ್‌ನಲ್ಲಿ ಹಿಂದೆ ಹಿಡಿಯಲೇಬೇಕು.

ಆನ್‌ಲೈನ್ ಎರಡರಲ್ಲೂ ರೋಲ್‌ಬ್ಯಾಕ್ (ನೆಟ್‌ನ ವಿಳಂಬ ಮರೆಮಾಚುವ ತಂತ್ರ), ಆದರೆ ವೈಫೈಯಲ್ಲಿ ಎರಡೂ ತಡವರಿಸುತ್ತವೆ. ಲ್ಯಾನ್ ಕೇಬಲ್ ಎಳೆಯಿರಿ. ಪಿಎಸ್5ನ ನೆಟ್‌ವರ್ಕ್ ಟೆಸ್ಟ್‌ನಲ್ಲಿ ನ್ಯಾಟ್ ಟೈಪ್ 3 (ಬೇರೆ ಆಟಗಾರರ ಜೊತೆ ನೇರ ಸಂಪರ್ಕಕ್ಕೆ ಅಡ್ಡಿ ಇದೆ ಅಂತ ಅರ್ಥ) ಬಂದರೆ ಕೇಬಲ್‌ನಿಂದಲೂ ಪ್ರಯೋಜನವಿಲ್ಲ. ಬ್ರಾಡ್‌ಬ್ಯಾಂಡ್‌ನವರ ಹತ್ತಿರ ಪಬ್ಲಿಕ್ ಐಪಿ ಕೇಳಿ.

ಒಬ್ಬರೇ ಆಡಲು ಸ್ಟ್ರೀಟ್ ಫೈಟರ್‌ನ ವರ್ಲ್ಡ್ ಟೂರ್ ಉದ್ದ, ಅಲ್ಲಲ್ಲಿ ಬೋರು, ಫ್ರಿಜ್ ಜೊತೆಗೂ ಹೊಡೆದಾಡಬೇಕು. ಟೆಕ್ಕನ್‌ನ ಕಥೆ ಚಿಕ್ಕದು, ಸಿನಿಮಾದಂತಿದೆ. ನಮ್ಮ ದೇಶದವನೆಂದು ಧಾಲ್ಸಿಮ್‌ನಿಂದ ಶುರು ಮಾಡಬೇಡಿ, ಅವನು ಕಷ್ಟದ ಪಾತ್ರ.

ದುಡ್ಡಿನ ವಿಷಯ. ಸ್ಟ್ರೀಟ್ ಫೈಟರ್ ಕೊಳ್ಳುವುದಾದರೆ ಮೊದಲೆರಡು ವರ್ಷದ ಪಾತ್ರಗಳು ಸೇರಿ 26 ಜನರಿರುವ ಆವೃತ್ತಿ ಸೇಲ್‌ಗೆ ಬರುವವರೆಗೆ ಕಾಯಿರಿ, ಬಿಡಿ ಬಿಡಿಯಾಗಿ ಕೊಂಡರೆ ಜೇಬು ಹರಿಯುತ್ತೆ. ಮನೆಯಲ್ಲಿ ಇಬ್ಬರು ಆಡುವುದಾದರೆ ಎರಡನೇ ಪಿಎಸ್5 ಪ್ಯಾಡ್‌ಗೇ ಆರು ಸಾವಿರದ ಹತ್ತಿರ ಬೇಕು. ಹಳೆಯ ಪಿಎಸ್4 ಪ್ಯಾಡ್ ಬಿದ್ದಿದ್ದರೆ ಆ ಖರ್ಚು ಉಳಿಸಬಹುದು: ಸ್ಟ್ರೀಟ್ ಫೈಟರ್ 6ಕ್ಕೆ ಪಿಎಸ್4 ಆವೃತ್ತಿಯೂ ಇದೆ, ಅದನ್ನೇ ಪಿಎಸ್5ನಲ್ಲಿ ಹಾಕಿದರೆ ಹಳೆಯ ಪ್ಯಾಡ್ ನಡೆಯುತ್ತೆ, ಗ್ರಾಫಿಕ್ಸ್ ತುಸು ಮಂಕು ಅಷ್ಟೇ. ಒಬ್ಬರೇ ಆಡುವಾಗ ಪಿಎಸ್5 ಆವೃತ್ತಿಗೆ ಬದಲಿಸಿಕೊಳ್ಳಿ, ಅದಕ್ಕೆ ಬೇರೆ ದುಡ್ಡಿಲ್ಲ. ಟೆಕ್ಕನ್ 8 ಪಿಎಸ್4ಗೆ ಬಂದೇ ಇಲ್ಲ, ಹಾಗಾಗಿ ಅದರಲ್ಲಿ ಈ ದಾರಿ ಇಲ್ಲ.